ಓದುವವನಿಗೆ ಕೂಲಿ ಕೊಟ್ಟವರು

ಸಾಹಿತ್ಯದ ಬಗ್ಗೆ ಮಾತಾಡೋದಕ್ಕೆ ಯಾರಿಗೆ ಹಕ್ಕಿದೆ? ಈ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಪಂಡಿತರು ಒಂದೇ ಉತ್ತರ ಕೊಡುತ್ತಾ ಬಂದಿದ್ದಾರೆ. ಸಂಸ್ಕಾರ ಬೇಕು, ಅಭ್ಯಾಸ ಬೇಕು, ಬಿಡುವು ಬೇಕು. ಈ ಮೂರರಲ್ಲಿ ಮೊದಲನೆಯದು ಜಾತಿಗೆ ಇಟ್ಟ ಇನ್ನೊಂದು ಹೆಸರು. ಎರಡನೆಯದು ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು ಅನ್ನೋದರ ಲೆಕ್ಕ. ಮೂರನೆಯದಂತೂ ಇನ್ನೊಬ್ಬರ ಬೆವರಿನಿಂದ ಕೊಂಡದ್ದು. ದಿನವೆಲ್ಲ ದುಡಿದು ಬಂದ ಆಳೊಬ್ಬ ಕಥೆ ಕೇಳಿ, ‘ಇದು ಸುಳ್ಳು ಕಣಯ್ಯ, ಯಾವ ಆಳೂ ದಣಿ ಮುಂದೆ ಹೀಗೆ ಮಾತಾಡೋದಿಲ್ಲ’ ಅಂದರೆ ಅದನ್ನು ವಿಮರ್ಶೆ ಅಂತ ಯಾವ ಪತ್ರಿಕೆ ಅಚ್ಚು ಹಾಕಿದೆ?

ನಾವು ಇಲ್ಲಿ ಹೇಳಹೊರಟಿರುವುದು ದೂರದ ಕ್ಯೂಬಾದ ಹೊಗೆಸೊಪ್ಪಿನ ಕೆಲಸಗಾರರ ಚರಿತ್ರೆ. ಅವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಅವರು ಒಬ್ಬ ಓದುಗನನ್ನು ಚುನಾಯಿಸಿ, ಅವನಿಗೆ ತಮ್ಮ ಕೂಲಿಯಿಂದಲೇ ಕೂಲಿ ಕೊಟ್ಟು, ಕಾದಂಬರಿ, ಚರಿತ್ರೆ, ಅರ್ಥಶಾಸ್ತ್ರ, ತತ್ವಶಾಸ್ತ್ರ ಎಲ್ಲವನ್ನೂ ಕೇಳಿದರು. ಕೇಳಿ ಸುಮ್ಮನೆ ಕೂರಲಿಲ್ಲ, ಜಗಳವಾಡಿದರು.

1860ರ ದಶಕದ ಕ್ಯೂಬಾ ಸ್ಪೇನಿನ ವಸಾಹತು. ಕಬ್ಬಿನ ಗದ್ದೆಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿಯುತ್ತಿದ್ದರು. ಆ ದೇಶದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1886ರಲ್ಲಿ. ಹವಾನಾ ನಗರದಲ್ಲಿ ಮಾತ್ರ ದೊಡ್ಡ ದೊಡ್ಡ ಸಿಗಾರ್ ಕಾರ್ಖಾನೆಗಳು. ಸಿಗಾರ್ ಅಂದರೆ ನಮ್ಮ ಚುಟ್ಟದ ದೊಡ್ಡಣ್ಣ. ಸಾಲು ಸಾಲು ಮೇಜು, ಮೇಜಿನ ಮೇಲೆ ಹಲಗೆ, ಕೈಯಲ್ಲಿ ಬಾಗಿದ ಒಂದು ಚಿಕ್ಕ ಕತ್ತಿ, ಮುಂದೆ ಎಲೆಯ ರಾಶಿ. ಬಿಳಿಯರು, ಬಿಡುಗಡೆಯಾದ ಕರಿಯರು, ಕೆಲವು ಕಡೆ ಗುಲಾಮರೂ ಒಂದೇ ಸೂರಿನಡಿ ಎಲೆ ಸುತ್ತುತ್ತಿದ್ದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಕೆಲಸದಲ್ಲಿ ಯಂತ್ರವಿಲ್ಲ. ಬಟ್ಟೆ ಗಿರಣಿಯಲ್ಲಿ ಪಕ್ಕದವನು ಕೂಗಿದರೂ ಕೇಳೋದಿಲ್ಲ. ಸಿಗಾರ್ ಕಟ್ಟುವ ಸಾಲೆಯಲ್ಲಿ ಎಲೆಯ ಸರಬರ ಬಿಟ್ಟರೆ ಸದ್ದಿಲ್ಲ. ಕೈ, ಕಣ್ಣು ದಣಿಯ ಪಾಲಾದವು. ಕಿವಿ ಉಳಿಯಿತು.

ಆ ಕಿವಿಯನ್ನು ಲೆಕ್ಕಕ್ಕೆ ತಗೊಂಡವನು ಸತುರ್ನಿನೊ ಮಾರ್ತಿನೆಸ್. ಸ್ಪೇನಿನಿಂದ ಹೊಟ್ಟೆಪಾಡಿಗೆ ಬಂದವನು. ಹಗಲು ಪಾರ್ತಗಾಸ್ ಕಾರ್ಖಾನೆಯಲ್ಲಿ ಸಿಗಾರ್ ಸುತ್ತಿ, ರಾತ್ರಿ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ. ಪದ್ಯವನ್ನೂ ಬರೆಯುತ್ತಿದ್ದ. 1865ರ ಅಕ್ಟೋಬರ್ 22ರಂದು ಅವನೂ ಅವನ ಗೆಳೆಯರೂ ಕೂಡಿ ಕೈಕಸುಬಿನವರಿಗಾಗಿ ‘ಲಾ ಆವ್ರೊರಾ’ ಎಂಬ ವಾರಪತ್ರಿಕೆ ಶುರು ಮಾಡಿದರು. ಆದರೆ ಓದಲು ಬಾರದವರಿಗೆ ಪತ್ರಿಕೆಯಿಂದ ಏನು ಪ್ರಯೋಜನ? ಅದಕ್ಕೆ ಉತ್ತರ ಎರಡೇ ತಿಂಗಳಲ್ಲಿ ಸಿಕ್ಕಿತು. ಡಿಸೆಂಬರ್ 21ರಂದು ‘ಎಲ್ ಫಿಗಾರೊ’ ಎಂಬ ಕಾರ್ಖಾನೆಯಲ್ಲಿ ಕೆಲಸಗಾರರು ತಮ್ಮೊಳಗೇ ಒಬ್ಬನನ್ನು ಓದೋದಕ್ಕೆ ಕೂರಿಸಿದರು. ಓದುವ ಹೊತ್ತಿನಲ್ಲಿ ಅವನ ಕೈಯಿಂದ ಸಿಗಾರ್ ಆಗೋದಿಲ್ಲ, ಅವನ ಕೂಲಿ ಹೋಗುತ್ತದೆ. ಆ ನಷ್ಟವನ್ನು ಉಳಿದವರೆಲ್ಲ ಸೇರಿ ತುಂಬಿದರು. 1866ರ ಜನವರಿಯಲ್ಲಿ ಪಾರ್ತಗಾಸ್ ಕಾರ್ಖಾನೆಗೂ ಓದು ಬಂತು. ಅಲ್ಲಿನ ಮಾಲೀಕ ಓದುವವನಿಗೆ ಒಂದು ಪೀಠವನ್ನೂ ಮಾಡಿಸಿಕೊಟ್ಟ.

ಕ್ರೈಸ್ತ ಮಠಗಳಲ್ಲಿ ಊಟದ ಹೊತ್ತಿಗೆ ಒಬ್ಬ ಓದುವುದು, ಮಿಕ್ಕವರು ಬಾಯಿ ಮುಚ್ಚಿಕೊಂಡು ಕೇಳುವುದು ಹಳೆಯ ಪದ್ಧತಿ. ನಮ್ಮೂರ ಜಗುಲಿಗಳಲ್ಲೂ ಭಾರತ ಓದುತ್ತಿದ್ದರು. ಜಗುಲಿ ಮೇಲೆ ಯಾರು ಕೂತರು, ಬೀದಿಯ ಧೂಳಿನಲ್ಲಿ ನಿಂತು ಯಾರು ಕೇಳಿದರು ಅನ್ನೋದನ್ನು ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೆಲ್ಲ ಯಾವ ಪುಸ್ತಕ ಓದಬೇಕು ಅಂತ ತೀರ್ಮಾನಿಸುವವನು ಮೇಲಿನವನು. ಹವಾನಾದ ಸಾಲೆಯಲ್ಲಿ ಈ ಲೆಕ್ಕ ತಿರುಗಿತು. ದುಡ್ಡು ಕೊಡುವವರು ಕೇಳುವವರಾದ್ದರಿಂದ ಪುಸ್ತಕ ಆರಿಸುವವರೂ ಅವರೇ ಆದರು. ಕೆಲವು ಮಾಲೀಕರಿಗೆ ಇದು ಹಿಡಿಸಲಿಲ್ಲ. ಪುಸ್ತಕ ಮೊದಲು ತಮಗೆ ತೋರಿಸಬೇಕು ಎಂದು ಪಟ್ಟು ಹಿಡಿದರು. ‘ದಿಯಾರಿಯೊ ದೆ ಲಾ ಮರೀನಾ’ ಎಂಬ ಆಳುವವರ ಪರದ ಪತ್ರಿಕೆ ಇದನ್ನು ವಿರೋಧಿಸಿತು. ಎಲೆ ಸುತ್ತುವವರಿಗೆ ಪುಸ್ತಕವೇಕೆ? ಈ ವಾದದ ಧಾಟಿ ನಮಗೆ ಹೊಸದೇನಲ್ಲ.

ಐದು ತಿಂಗಳೂ ಪೂರ್ತಿ ಆಗಿರಲಿಲ್ಲ, 1866ರ ಮೇ 14ರಂದು ಹವಾನಾದ ಗವರ್ನರ್ ಆಜ್ಞೆ ಹೊರಡಿಸಿದ. ಸಿಗಾರ್ ಕಾರ್ಖಾನೆಗಳಲ್ಲಿ, ಬೇರೆ ಕೆಲಸದ ಸಾಲೆಗಳಲ್ಲಿ ಪುಸ್ತಕ, ಪತ್ರಿಕೆ ಓದಿ ಕೆಲಸಗಾರರ ಗಮನ ಕೆಡಿಸಬಾರದು. ಕೆಲಸಕ್ಕೆ ಸಂಬಂಧವಿಲ್ಲದ ಚರ್ಚೆಯನ್ನೂ ನಡೆಸಬಾರದು ಅನ್ನೋದು ಅದರ ತಾತ್ಪರ್ಯ. ಓದಿನ ಜತೆಗೆ ಚರ್ಚೆಯನ್ನೂ ಹೆಸರು ಹಿಡಿದು ನಿಷೇಧಿಸಿದ್ದನ್ನು ಗಮನಿಸಿ. ಪುಸ್ತಕ ಒಂದೇ ಆದರೆ ಸರ್ಕಾರ ಹೆದರಬೇಕಾಗಿರಲಿಲ್ಲ. ಆ ಪುಸ್ತಕಗಳೆಲ್ಲ ಅಂಗಡಿಯಲ್ಲಿ ಬಹಿರಂಗವಾಗಿ ಮಾರಾಟಕ್ಕಿದ್ದವು, ದೊಡ್ಡವರ ಮನೆಯ ಕಪಾಟಿನಲ್ಲೂ ಇದ್ದವು. ನೂರು ಜನ ಒಟ್ಟಿಗೆ ಕೂತು ಒಂದೇ ಮಾತನ್ನು ಕೇಳಿ, ಅದರ ಬಗ್ಗೆ ಪರಸ್ಪರ ಮಾತಾಡಿದರೆ ಏನಾಗುತ್ತದೆ ಅನ್ನೋದು ಗವರ್ನರನಿಗೆ ನಮ್ಮ ಅನೇಕ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತಿತ್ತು.

1868ರಲ್ಲಿ ಕ್ಯೂಬಾದ ಸ್ವಾತಂತ್ರ್ಯ ಯುದ್ಧ ಶುರುವಾಯಿತು, ಹತ್ತು ವರ್ಷ ನಡೆಯಿತು. ಸಾವಿರಾರು ಕೆಲಸಗಾರರು ಸಮುದ್ರ ದಾಟಿ ಅಮೆರಿಕದ ಫ್ಲಾರಿಡಾ ಸೇರಿದರು. ಮೊದಲು ಕೀ ವೆಸ್ಟ್ ದ್ವೀಪ, ಆಮೇಲೆ 1886ರ ಹೊತ್ತಿಗೆ ಟ್ಯಾಂಪಾ ಪಕ್ಕದ ಈಬೋರ್ ಸಿಟಿ. ಗಂಟುಮೂಟೆಯ ಜತೆ ಓದುವ ಪದ್ಧತಿಯನ್ನೂ ಕೊಂಡೊಯ್ದರು. ಅಲ್ಲಿ ಅದು ಇನ್ನೂ ಗಟ್ಟಿಯಾಯಿತು. ಓದುವವನಿಗೆ ‘ಲೆಕ್ತೋರ್’ ಎಂದು ಹೆಸರು. ಸಾಲೆಯ ನಡುವೆ ಅವನಿಗೆ ಎತ್ತರದ ಅಟ್ಟಣೆ. ಕೆಲಸಕ್ಕೆ ಬಯಸಿದವನು ಮೊದಲು ಎಲ್ಲರೆದುರು ಓದಿ ತೋರಿಸಬೇಕು. ದನಿ ಕೊನೆಯ ಮೇಜಿನವರೆಗೂ ಮುಟ್ಟಬೇಕು, ಮಾತು ಮಾತಿಗೂ ಜೀವ ಬರಬೇಕು. ಆಮೇಲೆ ಮತದಾನ. ಪ್ರತಿಯೊಬ್ಬ ಕೆಲಸಗಾರನೂ ವಾರಕ್ಕೆ ಸುಮಾರು 25 ಸೆಂಟಿನವರೆಗೆ ಕೊಡುತ್ತಿದ್ದ. ಓದು ಮೆಚ್ಚಿಗೆಯಾದರೆ ಎಲ್ಲರೂ ಕತ್ತಿಯಿಂದ ಹಲಗೆ ಕುಟ್ಟುತ್ತಿದ್ದರು. ಹಿಡಿಸದಿದ್ದರೆ ಕತ್ತಿ ನೆಲಕ್ಕೆ ಬೀಳುತ್ತಿತ್ತು. ನಮ್ಮ ಕವಿಗೋಷ್ಠಿಗಳಲ್ಲಿ ಇಂಥ ಏರ್ಪಾಡು ಇದ್ದಿದ್ದರೆ ಎಷ್ಟು ಕವಿಗಳು ಎರಡನೇ ಪದ್ಯ ಓದುತ್ತಿದ್ದರೋ!

ಆ ಚರ್ಚೆ ಹೇಗೆ ನಡೆಯುತ್ತಿತ್ತು? ಇದಕ್ಕೆ ನಮಗೆ ಒಳ್ಳೆಯ ಸಾಕ್ಷಿ ಬೆರ್ನಾರ್ದೊ ವೇಗಾ. ಪೋರ್ಟೊರಿಕೊ ದ್ವೀಪದ ಸಿಗಾರ್ ಕೆಲಸಗಾರ, 1916ರಲ್ಲಿ ನ್ಯೂಯಾರ್ಕ್‌ಗೆ ಬಂದವನು. ಅವನು ಬರೆದಿಟ್ಟ ನೆನಪುಗಳು 1977ರಲ್ಲಿ ಪುಸ್ತಕವಾಗಿ ಬಂದವು. ಅವನಿದ್ದ ನ್ಯೂಯಾರ್ಕ್ ಕಾರ್ಖಾನೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಸುದ್ದಿ, ಮಧ್ಯಾಹ್ನದ ಮೇಲೆ ಒಂದು ಗಂಟೆ ಪುಸ್ತಕ. ಒಂದು ಕಾದಂಬರಿ ಮುಗಿದರೆ ಮುಂದಿನದು ತತ್ವ, ವಿಜ್ಞಾನ ಅಥವಾ ರಾಜಕೀಯ. ಕಾದಂಬರಿಕಾರರಲ್ಲಿ ಹ್ಯೂಗೊ, ಡ್ಯೂಮಾ, ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ, ಗಾರ್ಕಿ. ಮತ್ತೊಂದು ಕಡೆ ಡಾರ್ವಿನ್, ಮಾರ್ಕ್ಸ್, ಏಂಗೆಲ್ಸ್, ಬಕುನಿನ್. ಓದುವಾಗ ಪೂರ್ತಿ ಮೌನ. ಓದು ನಿಂತ ಮೇಲೆ ಮಾತು ಮೇಜಿನಿಂದ ಮೇಜಿಗೆ ಹಾಯುತ್ತಿತ್ತು, ಕೈಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ. ವಾದ ಬಗೆಹರಿಯದೆ ಹೋದರೆ ನಿಘಂಟು ತರಿಸುತ್ತಿದ್ದರು. ಅದಕ್ಕೆ ಅವರಿಟ್ಟ ಅಡ್ಡಹೆಸರು ‘ಮಾತಬೂರ್ರೊಸ್’, ಅಂದರೆ ಕತ್ತೆ ಕೊಲ್ಲುವಂಥದ್ದು! ಯಾರ ಮೂರ್ಖತನ ಸಾಯಬೇಕೋ ಅವರ ಮುಂದೆ ನಿಘಂಟು ಬಿಚ್ಚುವುದು. ಇದರಲ್ಲಿರುವ ಗತ್ತು ನೋಡಿ. ಪಂಡಿತನನ್ನು ಕರೆಸಿ ಕೈಮುಗಿದು ಕೇಳುವ ಪ್ರಮೇಯವೇ ಅಲ್ಲಿಲ್ಲ.

ಇನ್ನೊಂದು ಮಾತು. ಈ ಕೆಲಸಗಾರರು ಬರೀ ಗಂಭೀರ ಗ್ರಂಥಗಳನ್ನೇ ಕೇಳಿದರು ಅಂತ ತಿಳಿಯಬಾರದು. ‘ಮಾಂಟೆಕ್ರಿಸ್ಟೊ’ ಹೆಸರಿನ ಸಿಗಾರ್ 1935ರಲ್ಲಿ ಹವಾನಾದಲ್ಲಿ ಹುಟ್ಟಿತು, ಆ ಹೆಸರು ಡ್ಯೂಮಾನ ಕಾದಂಬರಿಯದು. ಅನ್ಯಾಯವಾಗಿ ಸೆರೆಗೆ ಬಿದ್ದವನು ಹೊರಬಂದು ಒಬ್ಬೊಬ್ಬರ ಮೇಲೂ ಸೇಡು ತೀರಿಸಿಕೊಳ್ಳುವ ಕಥೆ ಸಿಗಾರ್ ಸಾಲೆಗಳ ಅಚ್ಚುಮೆಚ್ಚು. ನಮ್ಮ ಕ್ರಾಂತಿಕಾರಿ ಗೆಳೆಯರಲ್ಲಿ ಕೆಲವರಿಗೆ ಇದು ಮುಜುಗರ ತರಬಹುದು. ದುಡಿಯುವವನು ಪ್ರಣಾಳಿಕೆಯನ್ನೇ ಕೇಳಬೇಕು, ರೋಚಕ ಕಥೆ ಕೇಳಿದರೆ ದಾರಿ ತಪ್ಪಿದ ಅಂತ ಅವರ ಅಳುಕು. ಆದರೆ ಅದೇ ಮೇಜುಗಳಲ್ಲೇ ಬಕುನಿನ್ನನೂ ಇದ್ದನಲ್ಲ! 1891ರ ನವೆಂಬರ್‌ನಲ್ಲಿ ಹೊಸೆ ಮಾರ್ತಿ ಟ್ಯಾಂಪಾಕ್ಕೆ ಬಂದು ಭಾಷಣ ಮಾಡಿದಾಗ, ಮರುವರ್ಷ ಅವನು ಕ್ಯೂಬಾದ ಬಿಡುಗಡೆಗೆ ಪಕ್ಷ ಕಟ್ಟಿದಾಗ, ಕೂಲಿಯಲ್ಲಿ ಪಾಲು ಕೊಟ್ಟು ನಿಂತವರು ಇದೇ ಕಾದಂಬರಿ ಕೇಳುಗರು.

ಕೇಳಿದವರು ಬರೆಯುವವರೂ ಆದರು, ಓದಿದವರೂ ಆದರು. ಲೂಯಿಸಾ ಕಪೆತಿಯೊ 1879ರಲ್ಲಿ ಪೋರ್ಟೊರಿಕೊದಲ್ಲಿ ಹುಟ್ಟಿದವಳು, ಮೈಮುರಿದು ದುಡಿದ ತಾಯಿಯ ಮಗಳು. ತನ್ನ ಊರಿನ ಸಿಗಾರ್ ಕಾರ್ಖಾನೆಗಳಲ್ಲಿ ಓದುಗಿತ್ತಿಯಾದಳು, ಮುಂದೆ ಟ್ಯಾಂಪಾದಲ್ಲೂ ಓದಿದಳು. ಗಂಡಸರ ಸಾಲೆಯಲ್ಲಿ ಅಟ್ಟಣೆ ಹತ್ತಿ ಹೆಂಗಸು ಓದುವುದು ಆ ಕಾಲಕ್ಕೆ ಅಪರೂಪ. 1911ರಲ್ಲಿ ಹೆಣ್ಣಿನ ಸ್ವಾತಂತ್ರ್ಯ, ಹಕ್ಕು, ಕರ್ತವ್ಯಗಳ ಬಗ್ಗೆ ತನ್ನ ಅಭಿಪ್ರಾಯ ಎಂಬ ಹೆಸರಿನಲ್ಲೇ ಪುಸ್ತಕ ಬರೆದಳು. 1915ರಲ್ಲಿ ಹವಾನಾದ ಬೀದಿಯಲ್ಲಿ ಪ್ಯಾಂಟು ತೊಟ್ಟು ನಡೆದಳು ಅಂತ ಪೊಲೀಸರು ಹಿಡಿದರು, ನ್ಯಾಯಾಲಯ ಬಿಟ್ಟುಬಿಟ್ಟಿತು. ಯಾವ ವಿಶ್ವವಿದ್ಯಾನಿಲಯವೂ ಅವಳಿಗೆ ಬರವಣಿಗೆಯ ಕಸುಬು ಕಲಿಸಿರಲಿಲ್ಲ. ದಿನವೂ ನೂರಾರು ಕಿವಿಗಳ ಮುಂದೆ ಗಟ್ಟಿಯಾಗಿ ಓದಿದವರಿಗೆ ಯಾವ ವಾಕ್ಯ ನಿಲ್ಲುತ್ತದೆ, ಯಾವುದು ಜೊಳ್ಳು ಅನ್ನೋದು ತಾನಾಗೇ ತಿಳಿಯುತ್ತದೆ.

ಆದರೆ ಈ ಚರಿತ್ರೆಯಲ್ಲಿ ನಮ್ಮನ್ನು ಚುಚ್ಚುವ ಒಂದು ಮುಳ್ಳಿದೆ. ಅದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ನಾವೂ ಪಂಡಿತರ ಸಾಲಿಗೇ ಸೇರಿದಂತೆ. ಟ್ಯಾಂಪಾದ ಕಾರ್ಖಾನೆಯಲ್ಲಿ ಕರಿಯ ಕ್ಯೂಬನ್ನರೂ ಬಿಳಿಯ ಕ್ಯೂಬನ್ನರೂ ಒಂದೇ ಸಾಲೆಯಲ್ಲಿ ಕೂತು ಒಂದೇ ಪುಸ್ತಕ ಕೇಳುತ್ತಿದ್ದರು. ಮಾರ್ತಿ ಟ್ಯಾಂಪಾಕ್ಕೆ ಬಂದಾಗ ಆಸರೆ ಕೊಟ್ಟ ಪೌಲಿನಾ ಪೆದ್ರೋಸೊ ಕರಿಯ ಹೆಣ್ಣುಮಗಳು. ಸ್ಪೇನಿನ ಆಳ್ವಿಕೆ 1898ರಲ್ಲಿ ಮುಗಿಯಿತು. ಅದಾದ ಎರಡೇ ವರ್ಷಕ್ಕೆ, 1900ರ ಹೊತ್ತಿಗೆ, ಇಬ್ಬರೂ ಕೂಡಿದ್ದ ಕ್ಯೂಬನ್ನರ ಸಂಘದಿಂದ ಕರಿಯರು ಹೊರಗೆ ಬೀಳಬೇಕಾಯಿತು. ಫ್ಲಾರಿಡಾದ ವರ್ಣಭೇದದ ಕಟ್ಟಳೆ ಒಂದು ಕಾರಣ. ಅದನ್ನು ಬಿಳಿಯ ಸಂಗಾತಿಗಳು ಒಪ್ಪಿಕೊಂಡದ್ದು ಇನ್ನೊಂದು ಕಾರಣ. ಕರಿಯರು ಮಾರ್ತಿ ಮತ್ತು ಕರಿಯ ಸೇನಾನಿ ಮಾಸೆಯೊ ಇಬ್ಬರ ಹೆಸರಿನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಹಗಲೆಲ್ಲ ಒಂದೇ ಹ್ಯೂಗೊನನ್ನು ಕೇಳಿ ಕಣ್ಣೀರು ಹಾಕಿದವರು ಸಂಜೆ ಬೇರೆ ಬೇರೆ ಬಾಗಿಲು ಹೊಕ್ಕರು. ಸಾಹಿತ್ಯ ಮನಸ್ಸನ್ನು ಹದ ಮಾಡುತ್ತದೆ ಅನ್ನುವವರು ಇದಕ್ಕೆ ಏನನ್ನುತ್ತಾರೆ? ಒಂದೇ ಹೋಟೆಲಿನಲ್ಲಿ ಎರಡು ಬಗೆಯ ಲೋಟ ಕಂಡ ನಮಗೆ ಇದು ತಕ್ಷಣ ಅರ್ಥವಾಗುತ್ತದೆ.

ಟ್ಯಾಂಪಾದಲ್ಲಿ ಓದು ನಿಂತದ್ದು 1931ರಲ್ಲಿ. ಲೆಕ್ತೋರ್‌ಗಳು ಕೆಂಪು ವಿಚಾರ ಬಿತ್ತುತ್ತಾರೆ ಎಂದು ಮಾಲೀಕರು ನವೆಂಬರ್‌ನಲ್ಲಿ ಅಟ್ಟಣೆಗಳನ್ನು ಕೀಳಿಸಿದರು. ಕೆಲಸಗಾರರು ಮುಷ್ಕರ ಹೂಡಿದರು, ಮಾಲೀಕರು ಬಾಗಿಲು ಹಾಕಿದರು. ಮತ್ತೆ ಬಾಗಿಲು ತೆರೆದಾಗ ಲೆಕ್ತೋರ್ ಇರಲಿಲ್ಲ. ಅವನ ಜಾಗಕ್ಕೆ ರೇಡಿಯೊ ಬಂತು. ರೇಡಿಯೊ ಮುಂದೆ ಕತ್ತಿ ಬಿಸಾಡಿ ಏನು ಪ್ರಯೋಜನ? ಕ್ಯೂಬಾದಲ್ಲಿ ಮಾತ್ರ ಓದು ಉಳಿಯಿತು. 2012ರಲ್ಲಿ ಅದನ್ನು ದೇಶದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿದರು. ಕ್ರಾಂತಿಯ ನಂತರ ಅಲ್ಲಿ ಓದುವವನ ಸಂಬಳ ಸರ್ಕಾರದ್ದು. ಸಂಬಳದ ಚೀಲ ಕೈ ಬದಲಾದರೆ ಪುಸ್ತಕದ ಆಯ್ಕೆಯೂ ಬದಲಾಗುತ್ತದೋ ಇಲ್ಲವೋ ಎಂಬ ಅನುಮಾನ ನಮಗಂತೂ ಇದೆ.

ಇಷ್ಟು ದೂರ ಹೋಗಬೇಕಾಗಿತ್ತೆ? ನಮ್ಮ ಗಡಿಯಾಚೆಯ ಕಣ್ಣೂರಿನ ಬೀಡಿ ಸಾಲೆಗಳಲ್ಲೂ ಇದೇ ಪದ್ಧತಿ ಇತ್ತು. ಒಬ್ಬ ಪತ್ರಿಕೆ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ತುಂಬುತ್ತಿದ್ದರು. ಕೇರಳದ ಕಾರ್ಮಿಕ ಚಳವಳಿ ಈ ಸಾಲೆಗಳಲ್ಲಿ ಬೆಳೆಯಿತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯನ್ನು ಕೇರಳ ಸರ್ಕಾರ ಜಾರಿಗೆ ತರಲು ಹೊರಟಾಗ, ಅಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದಣಿಗಳು 1968ರಲ್ಲಿ ಸಾಲೆಗಳಿಗೆ ಬೀಗ ಹಾಕಿ ಹೊರಟರು. ಕೆಲಸ ಕಳೆದುಕೊಂಡವರು 1969ರಲ್ಲಿ ‘ದಿನೇಶ್’ ಎಂಬ ಸಹಕಾರ ಸಂಘ ಕಟ್ಟಿಕೊಂಡು ಮತ್ತೆ ಸಾಲೆ ತೆರೆದರು. ಸಾಲೆಯ ಜತೆ ಓದೂ ಮರಳಿತು.

ನಮ್ಮ ದಕ್ಷಿಣ ಕನ್ನಡದಲ್ಲಿ ಹಾಗಾಗಲಿಲ್ಲ. ಇಲ್ಲಿ ಬೀಡಿ ಕಟ್ಟುವವರು ಬಹುಪಾಲು ಹೆಂಗಸರು, ಕಟ್ಟುವುದು ಮನೆಯ ಜಗುಲಿಯಲ್ಲಿ. ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು ತಂದು, ಮೊರ ಮಡಿಲಲ್ಲಿಟ್ಟುಕೊಂಡು ಒಬ್ಬೊಬ್ಬರೇ ಕಟ್ಟುವುದು. ಕಟ್ಟಿದ್ದನ್ನು ಬ್ರಾಂಚಿಗೆ ಒಯ್ಯುವುದು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಈ ಏರ್ಪಾಡಿನಿಂದ ದಣಿಗೆ ಸಾಲೆಯ ಬಾಡಿಗೆ ಉಳಿಯಿತು ಅಂತ ಅರ್ಥಶಾಸ್ತ್ರದವರು ಲೆಕ್ಕ ಕೊಡುತ್ತಾರೆ. ನೂರು ಜನ ಒಂದೇ ಮಾತು ಕೇಳಿ ಜಗಳವಾಡುವ ಜಾಗವೂ ಹೋಯಿತು ಅನ್ನೋದು ಆ ಲೆಕ್ಕದಲ್ಲಿಲ್ಲ. ಆ ಜಗುಲಿಗಳ ಮುಂದೆ ದಿನವೂ ಹಾದುಹೋಗುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ನಮ್ಮ ಓದುಗರಲ್ಲಿದ್ದಾರೆ. ನಾಲ್ಕು ಮನೆಯ ಅಕ್ಕಂದಿರು ಮೊರ ಹಿಡಿದು ಒಂದು ಜಗುಲಿಗೆ ಬಂದರೆ ಓದೋದಕ್ಕೆ ಅಷ್ಟು ಸಾಕು. ಆದರೆ ಪುಸ್ತಕವನ್ನು ನಾವೇ ಆರಿಸಿ ಚೀಲದಲ್ಲಿಟ್ಟುಕೊಂಡು ಹೋಗುವುದು ಬೇಡ. ಏನು ಓದಬೇಕು ಅಂತ ಮೊದಲು ಅವರನ್ನು ಕೇಳೋಣ.