ಕವಾಟ ಬದಲಿಸಿಕೊಂಡವರ ಜ್ವರ: ಸೊರಬ ಸೀಮೆಯಲ್ಲಿ ರೋಗನಿರ್ಣಯದ ತೊಡಕು

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಉಣುಗು ಹರಡುವ ಆ ವೈರಸ್ಸಿಗೆ ಕಾಡಿನ ಹೆಸರೇ ನಿಂತಿತು. ಅಂದಿನಿಂದ ಈ ಸೀಮೆಯಲ್ಲಿ ಡಿಸೆಂಬರ್‌ನಿಂದ ಮೇ ತನಕ ಯಾರಿಗೆ ಜ್ವರ ಬಂದರೂ ಮಂಗನ ಕಾಯಿಲೆಯ ಶಂಕೆ ಮೊದಲು ಬರುತ್ತದೆ, ಬರಬೇಕಾದದ್ದೇ. ಆದರೆ ಜ್ವರದಿಂದ ಬಂದವರ ಎದೆಯ ನಡುವೆ ಉದ್ದದ ಹೊಲಿಗೆಯ ಗುರುತಿದ್ದರೆ ಜಡೆಯಂಥ ಹೋಬಳಿ ಊರಿನ ವೈದ್ಯರ ಲೆಕ್ಕಾಚಾರ ಪೂರ್ತಿ ಬದಲಾಗಬೇಕಾಗುತ್ತದೆ.

ಬಾಲ್ಯದಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕೆಟ್ಟವರು ನಮ್ಮಲ್ಲಿ ಇನ್ನೂ ಇದ್ದಾರೆ. ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ ನಡೆಯುವುದು ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲೋ ಮಣಿಪಾಲದಲ್ಲೋ; ತೊಡಕು ಕಾಣಿಸಿಕೊಳ್ಳುವುದು ಮನೆಗೆ ಮರಳಿದ ಮೇಲೆ, ಸೊಪ್ಪಿನಬೆಟ್ಟಕ್ಕೆ ಹೋಗಿಬರತೊಡಗಿದ ಮೇಲೆ. ಅಪರೂಪದ ತೊಡಕನ್ನು ಮೊದಲು ಗುರುತಿಸಬೇಕಾದವರು ಆ ಶಸ್ತ್ರಚಿಕಿತ್ಸೆಯನ್ನು ಕಂಡವರಲ್ಲ.

ಇಂಥ ತೊಡಕುಗಳಲ್ಲಿ ಅತ್ಯಂತ ಮೋಸದ್ದು ಕೃತಕ ಕವಾಟದ ಸೋಂಕು. ಕವಾಟ ಹಾಕಿಸಿಕೊಂಡ ನೂರು ಜನರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ ಬರಬಹುದಾದ ಕಾಯಿಲೆ ಇದು. ಮಂಗನ ಕಾಯಿಲೆಯ ಜ್ವರ ಕೆಲವರಲ್ಲಿ ಇಳಿದು, ಒಂದೆರಡು ವಾರ ಬಿಟ್ಟು ತಲೆನೋವು, ನಡುಕದೊಡನೆ ಮತ್ತೆ ಏರುತ್ತದೆ. ಕವಾಟದ ಸೋಂಕಿಗೆ ನಾಲ್ಕು ದಿನ ಆಂಟಿಬಯೋಟಿಕ್ ಕೊಟ್ಟು ನಿಲ್ಲಿಸಿದರೆ ಅದೂ ಹಾಗೆಯೇ ಇಳಿದು ಏರುತ್ತದೆ. ಕವಾಟದಿಂದ ಕಳಚಿದ ತುಣುಕು ಮಿದುಳಿಗೆ ಹೋದರೆ ತಲೆನೋವೂ ಬರುತ್ತದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಬೇಗ ಕುಸಿದರೆ ವೈರಸ್ಸಿನ ಕಡೆಗೆ ಒಲವು ಸರಿ. ಮೊದಲ ವಾರ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಪರೀಕ್ಷೆ ಅದನ್ನು ಖಚಿತಪಡಿಸುತ್ತವೆ. ಆದರೆ ಆ ವರದಿಗೆ ಕಾಯುತ್ತಾ ಕೂರುವ ಮೊದಲೇ, ಮೊದಲ ಇಂಜೆಕ್ಷನ್ನಿಗೂ ಮುನ್ನ, ಬೇರೆಬೇರೆ ಕಡೆಯಿಂದ ಮೂರು ಸಲ ರಕ್ತ ತೆಗೆದು ಕಲ್ಚರಿಗೆ ಕಳಿಸಿರಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ರೋಗನಿರ್ಣಯ ನಿಲ್ಲುವುದೋ ಬೀಳುವುದೋ ಈ ಒಂದು ಹೆಜ್ಜೆಯಲ್ಲಿ. ಮುಂದಿನ ದುಬಾರಿ ಯಂತ್ರಗಳು ಇಲ್ಲಿ ಕಳೆದುಕೊಂಡದ್ದನ್ನು ಅಷ್ಟು ಸುಲಭವಾಗಿ ಮರಳಿಸಲಾರವು.

ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಕೊಟ್ಟಿಗೆಯ ಬಗ್ಗೆ ಕೇಳಬೇಕು. ದನ ಕಂದು ಹಾಕಿತ್ತೇ, ಕರು ಹಾಕಿಸುವಾಗ ಕೈಹಾಕಿದ್ದರೇ, ಹಸಿ ಹಾಲು ಕುಡಿಯುವ ರೂಢಿಯುಂಟೇ? ದನಗಳಿಂದ ಹರಡುವ ಬ್ಯಾಕ್ಟೀರಿಯಾಗಳಲ್ಲಿ ಬ್ರುಸೆಲ್ಲಾ ನಿಧಾನವಾಗಿ ಬೆಳೆಯುತ್ತದೆ, ಕಾಕ್ಸಿಯೆಲ್ಲಾ ಸಾಮಾನ್ಯ ಕಲ್ಚರಿನಲ್ಲಿ ಬೆಳೆಯುವುದೇ ಇಲ್ಲ. ಎರಡಕ್ಕೂ ಪ್ರತಿಕಾಯ ಪರೀಕ್ಷೆ ಬೇಕು. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಲೋಹದ ನೆರಳು ಸೋಂಕಿನ ಗಡ್ಡೆಯನ್ನು ಮರೆಮಾಡುವುದರಿಂದ ಅನ್ನನಾಳದ ಮೂಲಕ ನೋಡುವ ಎಕೋ ಅನಿವಾರ್ಯ. ಈ ಸೋಂಕನ್ನು ನಿರ್ಧರಿಸಲು ಬಳಸುವ ಡ್ಯೂಕ್ ಮಾನದಂಡಗಳ 2023ರ ಪರಿಷ್ಕೃತ ರೂಪಗಳು ಸಿಟಿ ಮತ್ತು ಪೆಟ್-ಸಿಟಿಗೂ ಮಾನ್ಯತೆ ಕೊಟ್ಟಿವೆ.

ಇನ್ನೊಂದು ಅಪಾಯ ಮಾತ್ರೆಯಿಂದಲೇ ಬರುತ್ತದೆ. ಲೋಹದ ಕವಾಟದವರು ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ. ಮೈಟ್ರಲ್ ಕವಾಟವಾದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 2.5ರಿಂದ 3.5ರ ನಡುವೆ ಇರಬೇಕು. ಭೇದಿಗೆಂದು ಕೊಟ್ಟ ಮೆಟ್ರೊನಿಡಜೋಲ್ ಈ ಅಂಕಿಯನ್ನು ಸರ್ರನೆ ಏರಿಸಬಲ್ಲದು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಹೀಗಾದರೆ ಹೃದಯದ ಸುತ್ತಲ ಪೊರೆಯೊಳಗೆ ರಕ್ತ ಜಿನುಗಿ ಹೆಪ್ಪುಗಟ್ಟಬಹುದು. ಪಠ್ಯಪುಸ್ತಕ ಹೇಳುವ ಕುತ್ತಿಗೆಯ ಉಬ್ಬಿದ ನಾಳ, ಕ್ಷೀಣ ಬಡಿತದ ಸದ್ದು ಕಾಣದೆ, ಬರೀ ಸುಸ್ತು, ವಾಂತಿ, ಕಡಿಮೆ ಮೂತ್ರ ಕಾಣಬಹುದು. ಹೆಪ್ಪು ಹೃತ್ಕರ್ಣದ ಹಿಂದೆ ಅಡಗಿದ್ದರೆ ಸಾಮಾನ್ಯ ಎಕೋ ಅದನ್ನು ತಪ್ಪಿಸಿಬಿಡುತ್ತದೆ. ಇದಕ್ಕೆ ಮಂಗನ ಕಾಯಿಲೆಯ ಪ್ಲೇಟ್‌ಲೆಟ್ ಕುಸಿತ ಸೇರಿದರೆ ಸ್ಥಿತಿ ಬಿಗಡಾಯಿಸುತ್ತದೆ. ಹೆದರಿ ಮನೆಯಲ್ಲೇ ಮಾತ್ರೆ ನಿಲ್ಲಿಸಿದರೆ ಕವಾಟವೇ ಹೆಪ್ಪುಗಟ್ಟಿ ಸಿಕ್ಕಿಕೊಳ್ಳಬಹುದು.

ಹಾಗೆ ಸಿಕ್ಕಿಕೊಂಡದ್ದನ್ನು ಕೆಲವೊಮ್ಮೆ ಮನೆಯವರೇ ಮೊದಲು ತಿಳಿಯುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದ ಏಕಬಿಲ್ಲೆಯ ಕವಾಟದಂಥವು ರಾತ್ರಿ ಪಕ್ಕದಲ್ಲಿ ಮಲಗಿದವರಿಗೂ ಟಿಕ್ ಎಂದು ಕೇಳುತ್ತವೆ. ಆ ಸದ್ದು ಮಂಕಾಯಿತೆಂದು ಮನೆಯವರು ಹೇಳಿದರೆ ಅದನ್ನು ಕೇಸ್ ಶೀಟಿನಲ್ಲಿ ಬರೆದಿಡಬೇಕು. ಚಲಿಸುವ ಎಕ್ಸ್‌ರೇ ಅಡಿಯಲ್ಲಿ ಬಿಲ್ಲೆ ಎಷ್ಟು ತೆರೆಯುತ್ತದೆಂದು ಕೆಲವೇ ನಿಮಿಷಗಳಲ್ಲಿ ನೋಡಬಹುದು.

ಕೊನೆಯದು ನಿಜಕ್ಕೂ ವಿರಳ: ಶಸ್ತ್ರಚಿಕಿತ್ಸೆಯ ವೇಳೆ ರಕ್ತವನ್ನು ಬಿಸಿ-ತಂಪು ಮಾಡುವ ಯಂತ್ರದ ನೀರಿನಿಂದ ಬರುವ ಮೈಕೋಬ್ಯಾಕ್ಟೀರಿಯಂ ಕಿಮೇರಾ ಸೋಂಕು. ಸ್ವಿಟ್ಜರ್‌ಲೆಂಡಿನಿಂದ 2013ರಲ್ಲಿ ಅದರ ವರದಿ ಬಂತು. ಶಸ್ತ್ರಚಿಕಿತ್ಸೆಯಾಗಿ ತಿಂಗಳು, ವರ್ಷಗಳೇ ಕಳೆದ ಮೇಲೆ ಜ್ವರ, ತೂಕ ಇಳಿಕೆ, ಊದಿದ ಗುಲ್ಮವಾಗಿ ಕಾಣಿಸಿಕೊಳ್ಳುವ ಇದಕ್ಕೆ ಕ್ಷಯದ ಹಣೆಪಟ್ಟಿ ಬೀಳುವುದು ಬಹಳ ಸುಲಭ. ಹಾಗಾಗಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಕವಾಟದ ಹೆಸರು, ಅಳತೆ, ಗುರಿಯ ಐಎನ್‌ಆರ್, ಬಿಡುಗಡೆಯ ಎಕೋದ ಅಂಕಿಗಳ ಜೊತೆ ಶಸ್ತ್ರಚಿಕಿತ್ಸೆಯ ದಿನಾಂಕವೂ ಓದಲು ಬರುವಂತೆ ಇರಬೇಕು. ಹಳೆಯ ಅಂಕಿಗಳಿಲ್ಲದೆ ಹೊಸ ಎಕೋವನ್ನು ಹೋಲಿಸಲು ಏನೂ ಇರುವುದಿಲ್ಲ.