ಹಾಸುಗಲ್ಲಿನ ಪಟ್ಟಣ: ಶಹಾಬಾದಿನ ನೆಲ, ಜನ, ಚರಿತ್ರೆ

ಕರ್ನಾಟಕದ ಗಣಿ ಪಟ್ಟಣಗಳೆಂದರೆ ವಿದ್ವಾಂಸರ ಕಣ್ಣು ಕೋಲಾರದ ಚಿನ್ನಕ್ಕೋ ಸಂಡೂರಿನ ಅದಿರಿಗೋ ಹೋಗುತ್ತದೆ. ಮನೆಯ ನೆಲಕ್ಕೆ ಹಾಸುವ ಕಲ್ಲು ಕಟ್ಟಿದ ಊರಿನ ಕಡೆಗೆ ಹೋಗುವುದು ಕಡಿಮೆ. ಕಲಬುರಗಿಯ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿರುವ ಶಹಾಬಾದ್ ಅಂಥ ಊರು. ಇಲ್ಲಿಯ ಕಲ್ಲನ್ನು ಸೀಳಿ ಮಾರುವ ಕಸುಬು ಒಂದು, ಅದೇ ಕಲ್ಲನ್ನು ಅರೆದು ಸುಟ್ಟು ಸಿಮೆಂಟು ಮಾಡುವ ಉದ್ಯಮ ಇನ್ನೊಂದು. ಈ ಎರಡು ದಾರಿಗಳು ಎರಡು ಬಗೆಯ ವಸತಿಯನ್ನೂ ಎರಡು ಬಗೆಯ ದುಡಿಮೆಯನ್ನೂ ಹುಟ್ಟಿಸಿದವು ಎಂಬುದು ಈ ಲೇಖನದ ವಾದ.

ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಜಲಜ ಶಿಲೆಗಳು ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಸುಮಾರು 5 ಸಾವಿರ ಚ.ಕಿ.ಮೀ. ಹರಡಿವೆ. ಆಳವಿಲ್ಲದ ಪ್ರಾಚೀನ ಕಡಲಿನ ತಳದಲ್ಲಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಈ ಸುಣ್ಣಕಲ್ಲಾಯಿತು. ಅದರ ಮುಖ್ಯ ಸ್ತರಕ್ಕೆ ಶಹಾಬಾದಿನ ಹೆಸರೇ ನಿಂತಿದೆ. ಉತ್ತರಕ್ಕೆ ಹೋದಂತೆ ಈ ಕಲ್ಲು ದಖನ್ನಿನ ಲಾವಾ ಹಾಸಿನ ಅಡಿಗೆ ಸೇರುತ್ತದೆ. ಶಹಾಬಾದಿನ ಸುತ್ತ ಮಾತ್ರ ತೊಗರಿ ಬೆಳೆಯುವ ಎರೆಮಣ್ಣನ್ನು ಸರಿಸಿದರೆ ಸಾಕು, ಮಟ್ಟಸವಾದ ಪದರಗಳು ಸಿಗುತ್ತವೆ. ಬೂದು, ನಸುನೀಲಿ, ತಿಳಿಗೆಂಪು ಬಣ್ಣದ ಈ ಪದರಗಳ ನಡುವೆ ಉಳಿ ಇಟ್ಟು ಹೊಡೆದು ಹಾರೆಯಿಂದ ಮೀಟಿದರೆ ಚಪ್ಪಡಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಜನ ಇದಕ್ಕೆ ಫರ್ಸಿ ಎನ್ನುತ್ತಾರೆ.

ಬೆಂಗಳೂರಿನ ಕಲ್ಲಿನೊಡನೆ ಹೋಲಿಸಿದರೆ ಈ ಗುಣದ ಬೆಲೆ ತಿಳಿಯುತ್ತದೆ. ನಂದಿನಿ ಲೇಔಟ್, ರಾಜಾಜಿನಗರಗಳ ಅಡಿಯಲ್ಲಿರುವುದು ಪೆನಿನ್ಸುಲಾರ್ ನೈಸ್ ಎಂಬ ಶಿಲೆ. ಅದಕ್ಕೆ ಹೀಗೆ ಬಿಚ್ಚಿಕೊಳ್ಳುವ ಪದರವಿಲ್ಲ. ಹಿಂದೆ ಅಲ್ಲಿಯ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹರಡಿ, ಕಾದ ಮೈಯನ್ನು ಎಬ್ಬಿಸಿ ಚಪ್ಪಡಿ ತೆಗೆಯುತ್ತಿದ್ದರು. 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಮಲ್ಲಸಂದ್ರ, ಹೆಸರಘಟ್ಟಗಳ ಕಲ್ಲು ಬಂತು. ಅದು ಕಂಬಕ್ಕೂ ಗೋಡೆಗೂ ಒಗ್ಗುವ ಕಲ್ಲು. ಕಡಿಮೆ ಖರ್ಚಿನಲ್ಲಿ ತೆಳುವಾಗಿ, ಅಗಲವಾಗಿ ಹಾಸಲು ಶಹಾಬಾದಿನ ಕಲ್ಲೇ ಅನುಕೂಲ.

ಈ ಕಲ್ಲಿನ ಬಳಕೆ ಪಟ್ಟಣಕ್ಕಿಂತ ಬಹಳ ಹಳೆಯದು. ಶಹಾಬಾದಿನ ದಕ್ಷಿಣಕ್ಕೆ ಹರಿಯುವ ಕಾಗಿಣಾ ನದಿಯ ಮೇಲುಭಾಗದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡವಿದೆ. ಅಲ್ಲಿಯ ಕೋಟೆಯಲ್ಲಿ ಇದೇ ಸುಣ್ಣಕಲ್ಲು ಕಾಣುತ್ತದೆ. ಕಾಗಿಣಾ ಸೇರುವ ಭೀಮೆಯ ಕೆಳದಂಡೆಯಲ್ಲಿ ಸನ್ನತಿ, ಕನಗನಹಳ್ಳಿಗಳಿವೆ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಕನಗನಹಳ್ಳಿಯಲ್ಲಿ ಉತ್ಖನನ ನಡೆಸಿದಾಗ ಹೊರಬಂದ ಮಹಾಸ್ತೂಪದ ಮೈಗೆ ಹೊದಿಸಿದ್ದು ಸುಣ್ಣಕಲ್ಲಿನ ಹಲಗೆಗಳನ್ನೇ. ಅಶೋಕನ ಹೆಸರು ಬ್ರಾಹ್ಮಿಯಲ್ಲಿ ಕೆತ್ತಿದ ಪ್ರಸಿದ್ಧ ಶಿಲ್ಪಫಲಕ ಅವುಗಳಲ್ಲೊಂದು. ಅಷ್ಟು ಸೂಕ್ಷ್ಮವಾದ ಕೆತ್ತನೆಗೆ ಬೇಕಾದ ನುಣುಪು ಮೈ ಈ ಪ್ರದೇಶದ ಸುಣ್ಣಕಲ್ಲಿಗಿತ್ತು. ಭೀಮಾ ಕಣಿವೆಯ ಶಿಲ್ಪದ ಚರ್ಚೆಯಲ್ಲಿ ಶೈಲಿಗೆ ಸಿಗುವ ಸ್ಥಾನ ಕಲ್ಲಿಗೂ ಸಿಗಬೇಕು.

ನದೀ ಕಣಿವೆಯೊಳಗೆ ಬಳಕೆಯಾಗುತ್ತಿದ್ದ ಕಲ್ಲಿಗೆ ದೂರದ ಮಾರುಕಟ್ಟೆ ತೆರೆದದ್ದು ರೈಲು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ಪಕ್ಕದ ವಾಡಿಯಿಂದ ಹೈದರಾಬಾದಿಗೆ ನಿಜಾಮರ ಹಳಿ ಹೊರಟಿತು. ಭಾರವಾದ, ಬೆಲೆ ಕಡಿಮೆಯಾದ ಸರಕಿಗೆ ಸಾಗಣೆಯ ಖರ್ಚೇ ಎಲ್ಲವನ್ನೂ ನಿರ್ಧರಿಸುತ್ತದೆ. ಎರಡು ದಿಕ್ಕಿನ ಹಳಿ ಹತ್ತಿರವಿದ್ದ ಶಹಾಬಾದಿನ ಫರ್ಸಿ ಮಹಾರಾಷ್ಟ್ರದ ವಾಡೆಗಳ ಅಂಗಳಕ್ಕೂ ಹೈದರಾಬಾದಿನ ಮನೆಗಳಿಗೂ ತಲುಪಿತು.

ಸಿಮೆಂಟು ಬಂದದ್ದೂ ನಿಜಾಮರ ಆಳ್ವಿಕೆಯಲ್ಲೇ. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಹಲವು ಕಂಪನಿಗಳ ಜೊತೆ ಕೂಡಿ ಎಸಿಸಿ ಎಂಬ ದೊಡ್ಡ ಸಿಮೆಂಟ್ ಕಂಪನಿಯ ಭಾಗವಾಯಿತು. ಕಾರ್ಖಾನೆಯ ಜೊತೆಗೆ ಅದರದೇ ಕಾಲೊನಿ ಬೆಳೆಯಿತು. 2001ರ ಜನಗಣತಿ ಈ ಎಸಿಸಿ ಪ್ರದೇಶವನ್ನು ಪಟ್ಟಣದಿಂದ ಬೇರೆಯಾಗಿಯೇ ಎಣಿಸಿತು. ಆಡಳಿತದ ಸಣ್ಣ ವಿವರವೆನಿಸಿದರೂ ಊರಿನ ಒಳಸೀಳನ್ನು ಇದು ಚೆನ್ನಾಗಿ ತೋರಿಸುತ್ತದೆ. ಕಾಲೊನಿಯಲ್ಲಿ ತಿಂಗಳ ಸಂಬಳ, ಕ್ವಾರ್ಟರ್ಸ್, ಕಾರ್ಮಿಕ ಸಂಘ. ಖಣಿಯಲ್ಲಿ ಮುಂಗಡ, ದಿನಗೂಲಿ, ಎತ್ತಿದ ಕಲ್ಲಿನ ಲೆಕ್ಕ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಚಿತ್ತಾಪುರ ತಾಲ್ಲೂಕಿನೊಳಗಿದ್ದ ಶಹಾಬಾದ್ ತಾನೇ ತಾಲ್ಲೂಕು ಕೇಂದ್ರವಾಗಲು ಇನ್ನೂ ಆರು ದಶಕ ಬೇಕಾಯಿತು.

ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತುಗಳು ಬೆರೆತ ಈ ಪಟ್ಟಣದ ಜನಸಂಖ್ಯೆ 2001ರಲ್ಲಿ 50 ಸಾವಿರದ ಆಸುಪಾಸಿನಲ್ಲಿತ್ತು. 2011ರಲ್ಲೂ ಅದು ಬೆಳೆದಿರಲಿಲ್ಲ. ಅದೇ ಹತ್ತು ವರ್ಷಗಳಲ್ಲಿ ಕಲಬುರಗಿ ನಗರ ನಾಲ್ಕು ಲಕ್ಷದಿಂದ ಐದು ಲಕ್ಷ ದಾಟಿತು. ಶಹಾಬಾದ್ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಯ ಉತ್ತರದ ಒಂದು ಭಾಗ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿದ್ದರಲ್ಲಿದೆ. ಎಸಿಸಿ 1968ರಲ್ಲೇ ವಾಡಿಯಲ್ಲಿ ಹೊಸ ಕಾರ್ಖಾನೆ ಆರಂಭಿಸಿತ್ತು. ಸಿಮೆಂಟಿನ ಭವಿಷ್ಯ ಆ ಕಡೆ ಸರಿದಿತ್ತು. ಇನ್ನೊಂದು ಭಾಗ ಸುತ್ತಲಿನ ತಾಂಡಾ, ಹಳ್ಳಿಗಳಿಂದ ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವ ಗುಳೆಯಲ್ಲಿದೆ. ಮೊದಲಾದರೆ ಇಂಥವರು ಈ ಪಟ್ಟಣದಲ್ಲೇ ನೆಲೆ ಹುಡುಕುತ್ತಿದ್ದರು. ಫರ್ಸಿಯ ಜಾಗಕ್ಕೆ ವಿಟ್ರಿಫೈಡ್ ಟೈಲ್ಸ್ ಬಂದು ಖಣಿಯ ಗಿರಾಕಿಯೂ ಕಡಿಮೆಯಾದ.

ಆದರೂ ಊರನ್ನು ಹಿಡಿದು ನಿಲ್ಲಿಸಿದ್ದು ಭದ್ರತೆಯಿದ್ದ ಕಾರ್ಖಾನೆಯಲ್ಲ, ಭದ್ರತೆಯಿಲ್ಲದ ಖಣಿ. ಹಾರೆ, ಉಳಿ, ಪಾಲಿಶ್ ಯಂತ್ರ, ಒಂದು ಲಾರಿ ಇದ್ದರೆ ಕಸುಬು ನಡೆಯುತ್ತದೆ; ದೊಡ್ಡ ಬಂಡವಾಳ ಹಿಂದೆ ಸರಿದರೂ ಅದು ಪೂರ್ತಿ ನಿಲ್ಲುವುದಿಲ್ಲ. ಅದರ ಬೆಲೆಯನ್ನು ದೂಳು ಕುಡಿಯುವ ಕೂಲಿಗಳೂ, ನೀರು ನಿಂತ ಹಾಳು ಖಣಿಗಳ ಪಕ್ಕದ ಹೊಲದವರೂ ತೆರುತ್ತಿದ್ದಾರೆ. ಕಾರ್ಖಾನೆಗೆ ಕಡತಗಳಿವೆ, ಖಣಿಯ ಚರಿತ್ರೆ ದುಡಿದವರ ನೆನಪಿನಲ್ಲಿ ಮಾತ್ರ ಇದೆ. ಕಲಬುರಗಿಯ ವಿಶ್ವವಿದ್ಯಾಲಯಗಳ ಇತಿಹಾಸ, ಭೂವಿಜ್ಞಾನ ವಿಭಾಗಗಳು ಒಟ್ಟಾಗಿ ಹಿರಿಯ ಕಲ್ಲು ಕೆಲಸಗಾರರ ಮಾತನ್ನು ದಾಖಲಿಸಲಿ, ಪಾಳುಬಿದ್ದ ಖಣಿಗಳ ನಕ್ಷೆ ಮಾಡಲಿ. ಆ ತಲೆಮಾರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.