ಗಂಟೆ ಲೆಕ್ಕದ ಸೈಕಲ್ಲು

ಮೈಸೂರಿನಲ್ಲಿ ಸೈಕಲ್ ಇಟ್ಟುಕೊಂಡವರಿಗಿಂತ ಸೈಕಲ್ ಹೊಡೆಯುವವರೇ ಹೆಚ್ಚಿದ್ದ ಕಾಲವೊಂದಿತ್ತು. ಅದಕ್ಕೆ ಕಾರಣ ಬಾಡಿಗೆ ಸೈಕಲ್ ಅಂಗಡಿಗಳು. ಊರಿನ ಚರಿತ್ರೆ ಬರೆಯುವವರು ಅರಮನೆ, ದಸರಾ, ಗಂಧದೆಣ್ಣೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ಈ ಅಂಗಡಿಗಳಿಗೆ ಒಂದು ಸಾಲೂ ಸಿಗುವುದಿಲ್ಲ. ನನ್ನಂಥ ಗುಮಾಸ್ತರ ಮನೆಯ ಹುಡುಗಿಯರಿಗೆ ಊರು ತೋರಿಸಿದ್ದು ಅವೇ.

ಊರೂ ಸೈಕಲ್ಲಿಗೆ ಒಗ್ಗುವಂಥದ್ದೇ. ಪ್ಲೇಗಿನ ಹೊಡೆತ ತಿಂದ ಮೇಲೆ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಗಾಳಿ ಬೆಳಕು ಆಡಲೆಂದು ಅಗಲವಾದ ರಸ್ತೆ ಬಂತು, ಅಕ್ಕಪಕ್ಕ ಸಾಲುಮರ ಬಂತು. ಚಾಮುಂಡಿ ಬೆಟ್ಟ ಬಿಟ್ಟರೆ ಎದೆ ಒಡೆಯುವಂಥ ಏರಿಲ್ಲ. ಕೊರತೆಯಿದ್ದದ್ದು ಸೈಕಲ್ಲಿಗೇ. ಸ್ವಾತಂತ್ರ್ಯಕ್ಕೆ ಮೊದಲು ಒಳ್ಳೆಯ ಸೈಕಲ್ ಎಂದರೆ ನಾಟಿಂಗ್‌ಹ್ಯಾಮಿನಿಂದ ಹಡಗಿನಲ್ಲಿ ಬಂದ ರ್‍ಯಾಲಿ. ವಕೀಲರೋ ಡಾಕ್ಟರೋ ಕೊಳ್ಳಬೇಕು. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿಐ, 1951ರಲ್ಲಿ ಸೋನೀಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನಾದಲ್ಲಿ ಹೀರೋ ಸೈಕಲ್ ಮಾಡತೊಡಗಿದ ಮೇಲೆ ಅಂಗಡಿಯವನಿಗೆ ಹತ್ತಾರು ಸೈಕಲ್ ಒಟ್ಟಿಗೆ ಇಡುವುದು ಸಾಧ್ಯವಾಯಿತು. ನಮ್ಮ ಮನೆಗೆ ಒಂದು ಕೊಳ್ಳುವುದು ಆಗಲೂ ಸಾಧ್ಯವಿರಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲಿ ಗಂಟೆಗೆ ಇಪ್ಪತ್ತೈದು ಪೈಸೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಗೋಡೆಯಲ್ಲಿ ಗಡಿಯಾರ, ಅದರ ಕೆಳಗೆ ದಾರ ಕಟ್ಟಿದ ಪೆನ್ಸಿಲ್ಲು, ಎಣ್ಣೆ ಮೆತ್ತಿದ ಉದ್ದನೆಯ ಪುಸ್ತಕ. ಹತ್ತು ನಿಮಿಷ ತಡವಾದರೂ ಅರ್ಧ ಗಂಟೆಯ ದುಡ್ಡು. ಪಂಕ್ಚರ್ ಆದರೆ ಖರ್ಚು ನಮ್ಮದು. ಯಜಮಾನರು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಕಡ್ಡಿ ಚುಚ್ಚಿ ಗುರುತು ಮಾಡಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಸವರಿ ಊದುತ್ತಾ ಕೂರುತ್ತಿದ್ದರು. ಅದು ಒಣಗುವವರೆಗೂ ತುಂಡು ಅಂಟಿಸುತ್ತಿರಲಿಲ್ಲ. ಎಷ್ಟು ಅವಸರ ಮಾಡಿದರೂ ಅಷ್ಟೇ.

ಅಲ್ಲಿ ಒಂದೇ ಒಂದು ಲೇಡೀಸ್ ಸೈಕಲ್ ಇತ್ತು. ನಡುವೆ ಬಾರ್ ಇಲ್ಲ. ಲಂಗ ಸಿಕ್ಕಿಕೊಳ್ಳದಿರಲೆಂದು ಹಿಂದಿನ ಚಕ್ರಕ್ಕೆ ಬಣ್ಣದ ಬಲೆ. ಅದು ಸಿಗದ ದಿನ ಗಂಡಸರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆವು. ಮುಂಗಡ ಕೇಳುತ್ತಿರಲಿಲ್ಲ. “ಯಾರ ಮಗಳಮ್ಮಾ ನೀನು?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ಆ ನಂಬಿಕೆಯನ್ನು ಎಲ್ಲರೂ ಕೊಂಡಾಡುತ್ತಾರೆ. ನಾನೂ ಕೊಂಡಾಡುತ್ತೇನೆ. ಆದರೆ ಅಪ್ಪನ ಪರಿಚಯ ಇಲ್ಲದ ಮಕ್ಕಳು, ಊರಾಚೆಯ ಕೇರಿಯಿಂದ ದುಡ್ಡು ಹಿಡಿದು ಬಂದ ಮಕ್ಕಳು ಸುಮ್ಮನೆ ಹಿಂದಿರುಗಿದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಭಾನುವಾರ ಅಣ್ಣನ ಜೊತೆ ದಿನದ ಬಾಡಿಗೆಗೆ ಸೈಕಲ್ ತೆಗೆದುಕೊಂಡು ಶ್ರೀರಂಗಪಟ್ಟಣಕ್ಕೋ ಕನ್ನಂಬಾಡಿಗೋ ಹೋಗುತ್ತಿದ್ದೆವು. ಏನೂ ಕೆಲಸವಿಲ್ಲದೆ, ಹೋಗುವ ಖುಷಿಗೆಂದೇ ಹೋಗುವುದು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ. ಕಬ್ಬಿನ ಗದ್ದೆ, ನಾಲೆಯ ನೀರಿನ ತಂಪು, ಎದುರುಗಾಳಿ. ಕತ್ತಲಾಗುವುದರೊಳಗೆ ಊರು ಸೇರಬೇಕು. ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದರು. ಡಬಲ್ ಹೋದರೂ ಹಿಡಿಯುತ್ತಿದ್ದರು. ಮುನಿಸಿಪಾಲಿಟಿಯ ತೆರಿಗೆ ಬಿಲ್ಲೆ ಇದೆಯೇ ಎಂದು ನೋಡುವವರು ಬೇರೆ. ರಸ್ತೆಯ ಮೇಲಿನ ಕಾನೂನೆಲ್ಲ ಸೈಕಲ್ಲಿಗೇ ಎಂಬಂತಿತ್ತು, ಏಕೆಂದರೆ ರಸ್ತೆಯೇ ಸೈಕಲ್ಲಿನದಾಗಿತ್ತು.

ಅಶೋಕಪುರಂನ ರೈಲ್ವೆ ವರ್ಕ್‌ಶಾಪ್ ಬಿಟ್ಟಾಗ ರಸ್ತೆ ದಾಟುವುದಕ್ಕೆ ಆಗುತ್ತಿರಲಿಲ್ಲ, ಅಷ್ಟು ಸೈಕಲ್ಲುಗಳು. ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಗೂ ಕಾರ್ಮಿಕರು ಸೈಕಲ್ಲಿನಲ್ಲೇ ಹೋಗಿ ಮೋಟಾರ್ ಸೈಕಲ್ ತಯಾರಿಸುತ್ತಿದ್ದರು. ಆದರೆ ಬಾಡಿಗೆ ಅಂಗಡಿಯ ಗಿರಾಕಿಯನ್ನು ಕರೆದೊಯ್ದದ್ದು ಜಾವಾ ಅಲ್ಲ. 1972ರಲ್ಲಿ ಲೂನಾ ಮೊಪೆಡ್ ಬಂತು, 1980ರಲ್ಲಿ ಟಿವಿಎಸ್ 50 ಬಂತು. ಸಣ್ಣ ಸಂಬಳದವರೂ ಕಂತಿನಲ್ಲಿ ಕೊಂಡರು. ನಮ್ಮ ಅಂಗಡಿ ಮೊದಲು ಮೊಪೆಡ್ ರಿಪೇರಿಗೆ ಇಳಿಯಿತು, ಆಮೇಲೆ ಮುಚ್ಚಿತು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಳ್ಳಿಯ ಹುಡುಗಿಗೆ ಯಾರ ಮಗಳೆಂದು ಹೇಳದೆಯೂ ಸ್ವಂತದ ಸೈಕಲ್! 2017ರಲ್ಲಿ ಮೈಸೂರಿಗೆ ‘ಟ್ರಿಣ್ ಟ್ರಿಣ್’ ಬಂತು: 450 ಸೈಕಲ್, ಊರ ತುಂಬ ನಿಲ್ದಾಣ, ಕಾರ್ಡ್ ತೋರಿಸಿದರೆ ಬೀಗ ತೆರೆದುಕೊಳ್ಳುತ್ತಿತ್ತು. ಇದನ್ನು ಹೊಸದೆಂದು ಪತ್ರಿಕೆಗಳು ಬರೆದವು. ನಮ್ಮ ಬೀದಿಯ ಅಂಗಡಿಯ ವಂಶದ್ದೇ ಇದು, ಪುಸ್ತಕದ ಬದಲು ಕಾರ್ಡ್ ಬಂದಿತ್ತು. ದೇವರಾಜ ಮಾರ್ಕೆಟ್ಟಿಗೆ ಹೋಗಲು ನಾನೂ ಹತ್ತಿದ್ದೇನೆ. ಕಾರಿನಲ್ಲಿ ಹೋದವರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಸೊಪ್ಪು ಕೊಂಡು ಮನೆಯ ದಾರಿ ಹಿಡಿದಿರುತ್ತೇನೆ. ಒಂದೇ ಕೊರತೆ. ಆ ಸೈಕಲ್ಲುಗಳೆಲ್ಲ ದೊಡ್ಡವರ ಎತ್ತರದವು. ಕಲಿಯುವ ಮಕ್ಕಳಿಗೆಂದು ಹಳೆಯ ಅಂಗಡಿ ಪುಟ್ಟ ಸೈಕಲ್ಲುಗಳನ್ನೂ ಇಡುತ್ತಿತ್ತು. ನಿಲ್ದಾಣಕ್ಕೆ ಎರಡಾದರೂ ಅಂಥವು ಇರಲಿ ಎಂದು ಸಿಕ್ಕ ಅಧಿಕಾರಿಗಳಿಗೆಲ್ಲ ಹೇಳುತ್ತಿದ್ದೇನೆ.